ಅಕ್ಕನ ಸೀಸೆ

"ಕಾಗದದ ಪಟ್ಟಿಗೆ ಅದ್ದಿ ಮೂಸು. ಮೈಗೆ ಮಾತ್ರ ಸೋಕಿಸಬೇಡ," ಎಂದರು ತಾತ. "ಬೇರೆಯವರಿಗೆ ಅಂತ ಮಾಡಿದ್ದು ಅದು. ಹಚ್ಕೊಂಡ್ರೆ ಬರೀ ವಾಸನೆ ಬರಲ್ಲ."

"ಮತ್ತೇನ್ ಬರುತ್ತೆ ತಾತಾ, ದೆವ್ವಾನಾ?" ಮುಳ್ಳಿ ಕಿಸಕ್ಕನೆ ನಕ್ಕಳು.

ತಾತ ನಗಲಿಲ್ಲ.

ಮುಳ್ಳಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಬಾಯಿ ತೆರೆದರೆ ಎದುರಿಗಿದ್ದವರನ್ನು ಚುಚ್ಚದೆ ಬಿಡುತ್ತಿರಲಿಲ್ಲ. ಆ ನಾಲಿಗೆಯ ದೆಸೆಯಿಂದಲೇ ಎರಡು ಕಡೆ ಕೆಲಸ ಕಳೆದುಕೊಂಡು ಈ ಸುಗಂಧದಂಗಡಿಗೆ ಬಂದಿದ್ದಳು. ಒಂದು ತಿಂಗಳು ನೋಡುತ್ತೇನೆ, ಗಿರಾಕಿಗಳ ಜೊತೆ ಜಗಳಕ್ಕಿಳಿದರೆ ಮನೆಗೆ ನಡಿ ಎಂದು ಅಂಗಡಿಯ ಯಜಮಾನರಾದ ತಾತ ಮೊದಲೇ ಹೇಳಿದ್ದರು.

ಬೆಳಕು ತಾಗಿದರೆ ಹೂವಿನ ಎಣ್ಣೆ ಕೆಡುತ್ತದೆಂದು ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯೇ ಇಟ್ಟಿರಲಿಲ್ಲ. ನಡುಹಗಲಲ್ಲೂ ಅಲ್ಲಿ ಮಬ್ಬುಗತ್ತಲೆ. ಗಿರಾಕಿ ಆ ಕತ್ತಲಲ್ಲಿ ಕೂತು ತನ್ನ ಬದುಕಿನ ಕತೆ ಹೇಳಬೇಕು. ಕೇಳುತ್ತಾ ಕೇಳುತ್ತಾ ತಾತ ಹಠದವರಿಗೆ ಗುಲಾಬಿ, ಒಳಗೊಳಗೇ ಕೊರಗುವವರಿಗೆ ಮಲ್ಲಿಗೆ ಎಂದು ಹನಿಹನಿಯಾಗಿ ಬೆರೆಸುವರು. ಕೊನೆಗೆ ಗಿರಾಕಿಯ ತಲೆಗೂದಲಿನ ಒಂದೆಳೆಯನ್ನು ಸೀಸೆಗಿಳಿಸಿ, ತುಟಿ ಅಲುಗದಂತೆ ಏನೋ ಗುನುಗಿ ಬಿರಡೆ ಒತ್ತುವರು. ಎಲ್ಲ ವ್ಯಾಪಾರದ ಗಿಮಿಕ್ಕು ಎಂದು ಮುಳ್ಳಿ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಅಂದಿನ ಸೀಸೆ ಅವಳ ಅಕ್ಕನದು. ಅಕ್ಕ ಶಿಶುವಿಹಾರದ ಟೀಚರು, ಯಾರಿಗೂ ಎದುರು ಮಾತಾಡಿದವಳಲ್ಲ. 'ಅಕ್ಕನ್ನ ನೋಡಿ ಕಲಿ' ಎಂಬುದನ್ನು ಕೇಳಿ ಕೇಳಿ ಮುಳ್ಳಿಯ ತಲೆ ಚಿಟ್ಟು ಹಿಡಿದಿತ್ತು. ಸುಗಂಧರಾಜದ ಘಮ ಕತ್ತಲಲ್ಲಿ ತಣ್ಣಗೆ ಹಬ್ಬುತ್ತಿತ್ತು. ತಾತ ಅತ್ತ ತಿರುಗಿದ್ದೇ ತಡ, ಅವಳು ಒಂದು ಪುಟ್ಟ ಸೀಸೆಗೆ ಒಂದಿಷ್ಟು ಬಗ್ಗಿಸಿಕೊಂಡು ಮಣಿಕಟ್ಟಿಗೆ ತಿಕ್ಕಿಕೊಂಡಳು.

ಮರುದಿನ ಗಿರಾಕಿಯೊಬ್ಬಳು ಕೊಂಡಿದ್ದನ್ನು ವಾಪಸು ತಂದು ಕೂಗಾಡಿದಳು. ಮುಳ್ಳಿಯ ಬಾಯಿಗೆ ಬೈಗುಳವೇ ಬರಲಿಲ್ಲ. "ಕೂತ್ಕೊಳ್ಳಿ, ಮೊದ್ಲು ನೀರು ಕುಡೀರಿ," ಎಂದಳು, ಅದೂ ಅಕ್ಕನ ದನಿಯಲ್ಲಿ. ಕೂಗಾಡಿದವಳು ನಗುತ್ತಾ ಹೋದಳು. ಎರಡು ಮೂರು ದಿನದಲ್ಲೇ ಜನ ಅವಳನ್ನೇ ಕೇಳಿಕೊಂಡು ಬರತೊಡಗಿದರು. ತನ್ನನ್ನು ಕಂಡು ಯಾರಾದರೂ ಮುಖ ಅರಳಿಸಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ನಾಲ್ಕನೆಯ ದಿನ ಅಕ್ಕನ ಮನೆಗೆ ಹೋದಳು. ಬಾಗಿಲಲ್ಲೇ ಸುಗಂಧರಾಜ ಮೂಗಿಗೆ ಬಡಿಯಿತು. ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಒಳಗೆ ಅಕ್ಕ ಐದು ವರ್ಷದ ಮಗಳ ಮೇಲೆ ಹರಿಹಾಯುತ್ತಿದ್ದಳು.

"ನಿನ್ ಮುಖಕ್ಕಿಷ್ಟು ಬೆಂಕಿ ಹಾಕ! ಕತ್ತೆಗೂ ನಿನಗಿಂತ ಬುದ್ಧಿ ಇರುತ್ತೆ!"

ಅದು ಮುಳ್ಳಿಯ ಮಾತು. ಒಂದಕ್ಷರ ಬಿಡದೆ ಅವಳದೇ ಮಾತು, ಅವಳದೇ ದನಿ. ಪುಟ್ಟಿ ಮೇಜಿನಡಿ ಮುದುಡಿ ಕಿವಿ ಮುಚ್ಚಿಕೊಂಡಿದ್ದಳು. ಕನ್ನಡಿಯ ಮುಂದಿನ ಸೀಸೆಯಲ್ಲಿ ಅಕ್ಕನ ನೀಳ ಕೂದಲು ಇರಲಿಲ್ಲ. ಗುಂಗುರು ಎಳೆಯೊಂದು ಎಣ್ಣೆಯೊಳಗೆ ತಾನಾಗಿ ಹೊರಳುತ್ತಿತ್ತು. ಮುಳ್ಳಿಯ ಕೈ ಗಕ್ಕನೆ ತನ್ನ ಗುಂಗುರು ತಲೆಗೆ ಹೋಯಿತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಕಾಯಂ ಆಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ದಿನಾ ಬೆಳಗ್ಗೆ ತಿಕ್ಕಿಕೊಂಡಳು. ಹಚ್ಚಿಕೊಂಡಷ್ಟೂ ಅಕ್ಕನ ಮನಸ್ಸು ಅವಳೊಳಗೆ ಬಲಿಯಿತು, ಅಕ್ಕನ ಮನಸ್ಸಿಗೋ ನಾಚಿಕೆ ಬಲು ಬೇಗ. ಹಳೆಯ ಮುಳ್ಳಿಯಾಗಿದ್ದರೆ ಹಾಯಾಗಿ ಉಂಡು ಮಲಗುತ್ತಿದ್ದಳು. ಈಗ ಗಿರಾಕಿಗಳು ಹೊಗಳಿದಾಗಲೆಲ್ಲ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ಆದರೂ ಮರುಬೆಳಗ್ಗೆ ಕೈ ಆ ಪುಟ್ಟ ಸೀಸೆಗೇ ಹೋಗುತ್ತಿತ್ತು.

ಕೆಲಸ ಕಾಯಂ ಆದ ದಿನವೇ ತಾತನ ಮುಂದೆ ಎಲ್ಲ ಒಪ್ಪಿಕೊಂಡಳು.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಹದಿನೆಂಟು," ಎಂದಳು. ತಲೆ ಎತ್ತಲಾಗಲಿಲ್ಲ.

"ಅವಳಾಗಿ ಕೇಳ್ಬೇಕು, ನಂದು ನಂಗೆ ಕೊಡು ಅಂತ. ಅದೂ ಅವಳ ಸೀಸೇಲಿ ಒಂದು ಹನಿಯಾದ್ರೂ ಇರೋವರೆಗೆ. ಓಡು."

ಓಡಿದಳು. ಅಕ್ಕನ ಮನೆಯ ಮೆಟ್ಟಿಲ ಮೇಲೆ ಕತ್ತಲೆ. ಕತ್ತಲೆ ತುಂಬ ಸುಗಂಧರಾಜ. ಅಕ್ಕ ಬಚ್ಚಲಲ್ಲಿದ್ದಳು. ಕೈಯಲ್ಲಿ ಸೀಸೆ. ಇನ್ನೂ ಅರ್ಧ ಇತ್ತು! ಮುಳ್ಳಿ ಕಾಲು ಹಿಡಿದಳು. ಬಿಕ್ಕುತ್ತಾ ಎಲ್ಲ ಹೇಳಿದಳು.

ಅಕ್ಕ ಕೇಳಿಸಿಕೊಂಡು ಕಿಸಕ್ಕನೆ ನಕ್ಕಳು.

"ಅಂದ್ರೆ ಆ ತಗ್ಗೋದು ಬಗ್ಗೋದು, ಎಲ್ರಿಗೂ ಹೂಂ ಅನ್ನೋದು, ಅದೆಲ್ಲ ಈಗ ನಿನ್ ಹತ್ರ ಇದೆಯಾ?"

"ಇದೆ ಅಕ್ಕಾ. ಕೇಳು ಸಾಕು. ದಮ್ಮಯ್ಯ, ಕೇಳಿಬಿಡು."

"ಮೂವತ್ತೈದು ವರ್ಷ ಹೊತ್ತಿದೀನಿ. ಒಬ್ರಾದ್ರೂ ನನ್ ಮಾತಿಗೆ ಬೆಲೆ ಕೊಟ್ರಾ? ಈಗ ಹೆಡ್‌ಮಿಸ್ಸೇ ನನ್ನ ಕಂಡ್ರೆ ಎದ್ದು ನಿಲ್ತಾರೆ. ನೀನೇ ಇಟ್ಕೋ."

"ಪುಟ್ಟಿಗೋಸ್ಕರ ಆದ್ರೂ..."

ಎಲ್ಲೋ ಕೇಳಿದ ಹೆಸರೆಂಬಂತೆ ಅಕ್ಕ ಒಂದು ಗಳಿಗೆ ನೋಡಿದಳು. ಆಮೇಲೆ ಸೀಸೆಯನ್ನು ಕೊನೆಯ ಹನಿಯವರೆಗೂ ಬಗ್ಗಿಸಿದಳು. ಗುಂಗುರು ಎಳೆ ನೀರಿನೊಂದಿಗೆ ಸುತ್ತಿ ಸುತ್ತಿ ಬಚ್ಚಲ ಕಿಂಡಿಗಿಳಿಯಿತು.

ಹಿಂದಿನಿಂದ ಎರಡು ಪುಟ್ಟ ಕೈಗಳು ಮುಳ್ಳಿಯ ಸೊಂಟ ಹಿಡಿದವು. ಮಗು ಅವಳ ಮಣಿಕಟ್ಟು ಮೂಸಿ ಮುಖ ಒತ್ತಿಕೊಂಡಿತು.

"ಅಮ್ಮಾ, ಇಷ್ಟು ದಿನ ಎಲ್ಲಿಗೋಗಿದ್ದೆ?"

ನಾನು ನಿನ್ನ ಚಿಕ್ಕಮ್ಮ ಎನ್ನಬೇಕಿತ್ತು. ಹೆತ್ತವಳು ಅಲ್ಲೇ ನಿಂತಿದ್ದಳು.

"ಇಲ್ಲೇ ಇದ್ದೆ ಕಂದಾ," ಎಂದಳು ಮುಳ್ಳಿ, ಅಕ್ಕನ ದನಿಯಲ್ಲಿ. ಅಕ್ಕನ ಮುಖ ಮಾತ್ರ ಅವಳಿಂದ ನೋಡಲಾಗಲಿಲ್ಲ.