ಬಟ್ಟಲಲ್ಲಿಟ್ಟ ಹನ್ನೆರಡು ಸ್ಕ್ರೂ

ಪಂಚನಾಮೆಗೆ ಲಗತ್ತಿಸಿದ ಮೊದಲ ಛಾಯಾಚಿತ್ರದಲ್ಲಿ ಮನುಷ್ಯರಿಲ್ಲ. ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ಮೇಲೆ ಅಲ್ಯುಮಿನಿಯಂ ಪಟ್ಟಿಗಳನ್ನು ಜೋಡಿಸಿ ಮಾಡಿದ ಒಂದು ಚೌಕಟ್ಟು, ಗೋಡೆ ಕಟ್ಟುವುದನ್ನು ಮರೆತು ಹೋದ ಪುಟ್ಟ ಮನೆಯ ಹಾಗೆ. ಅದರಲ್ಲಿ ಸಾಲಾಗಿ ಆರು ಅಂಕಣ, ಆರೂ ಖಾಲಿ. ಕೆಳಗಿನ ಹಲಗೆಯ ಮೇಲೆ ಧೂಳು ಕೂತಿದೆ. ಏನೋ ಇದ್ದು ಹೋದ ಆರು ಕಡೆ ಮಾತ್ರ ಕೂತಿಲ್ಲ. ಕರಿಯ ತಂತಿಗಳನ್ನು ಯಾರೋ ಒಂದೇ ಅಳತೆಗೆ ಸುತ್ತಿ, ಬಿಳಿಯ ದಾರದಿಂದ ಕಟ್ಟಿ, ಒಂದರ ಪಕ್ಕ ಒಂದನ್ನು ಮಲಗಿಸಿದ್ದಾರೆ. ಮೇಜಿನ ಬಲ ಮೂಲೆಯಲ್ಲಿ ಒಂದು ಸ್ಟೀಲಿನ ಬಟ್ಟಲು. ಬಟ್ಟಲಲ್ಲಿ ಹನ್ನೆರಡು ಸ್ಕ್ರೂ. ಜನವರಿಯ ಬಿಸಿಲು ಬಟ್ಟಲಿನ ಅಂಚನ್ನು ಮುಟ್ಟಿ ನಿಂತಿದೆ.

ಚಿತ್ರ ತೆಗೆದದ್ದು 2025ರ ಜನವರಿ 20, ಸೋಮವಾರ, ಮಧ್ಯಾಹ್ನ 12.15ಕ್ಕೆ. ದೂರು ಠಾಣೆಗೆ ಬಂದದ್ದು ಅದೇ ದಿನ ಬೆಳಿಗ್ಗೆ 10.40ಕ್ಕೆ.

ದೂರು ತಂದವರು ಗುರಣ್ಣ ಹಂಪಿಹೊಳಿ, ವಯಸ್ಸು ಎಪ್ಪತ್ತೊಂದು, ಪುಣೆಯ ಕೊಂಢವಾ ಭಾಗದ ಚೈತ್ರಬನ ಸೊಸೈಟಿಯ ನಿವಾಸಿ, ಸರಕಾರಿ ಕಚೇರಿಯೊಂದರ ನಿವೃತ್ತ ಹೆಡ್ ಕ್ಲಾರ್ಕ್. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಇನ್‌ಸ್ಪೆಕ್ಟರ್ ಅವಿನಾಶ್ ಹುಕ್ಕೇರಿಯವರ ಎದೆಯ ಮೇಲಿನ ಹೆಸರನ್ನು ಓದಿ ಅವರು ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು.

ಪಕ್ಕದ ಫ್ಲ್ಯಾಟು ಹರ್ಷಾ ಎಂಬ ಎಂಜಿನಿಯರನದು. ಸಕ್ಕರೆ ಕಾರ್ಖಾನೆಗಳ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಕಬ್ಬು ನುರಿಸುವ ಕಾಲವಾದ್ದರಿಂದ ಎರಡು ವಾರದಿಂದ ಬಾರಾಮತಿಯಲ್ಲಿದ್ದಾನೆ. ಮನೆಯಲ್ಲಿ ಆರು ಗ್ರಾಫಿಕ್ಸ್ ಕಾರ್ಡುಗಳ ಒಂದು ಗಣಕ ಇಟ್ಟು ಕ್ರಿಪ್ಟೊ ಮೈನಿಂಗ್ ಮಾಡುತ್ತಿದ್ದ. ಅಂದರೆ ಆ ಕಾರ್ಡುಗಳು ಬಿಡುವಿಲ್ಲದೆ ಲೆಕ್ಕ ಬಿಡಿಸುತ್ತಿದ್ದವು. ಬಿಡಿಸಿದ್ದಕ್ಕೆ ಕಣ್ಣಿಗೆ ಕಾಣದ ನಾಣ್ಯದ ಒಂದು ಚೂರು ಅವನ ಹೆಸರಿಗೆ ಸೇರುತ್ತಿತ್ತು. ಅವನಿಲ್ಲದಾಗ ಯಂತ್ರದ ಉಸ್ತುವಾರಿ ಗುರಣ್ಣನವರದು. ಈಗ ಆರೂ ಕಾರ್ಡು ಇಲ್ಲ.

"ಆರು ಡಬ್ಬಿ, ಒಂದೊಂದಕ್ಕ ಎರಡೆರಡು ಪಂಖಾ ಅಂತೀರಿ," ಎಂದ ಹವಾಲ್ದಾರ ಕೃಷ್ಣಾಜಿ ಬರೆದುಕೊಳ್ಳುತ್ತ. ಅವನು ಸೊಲ್ಲಾಪುರದ ಕಡೆಯವನು, ಕನ್ನಡ ಬಲ್ಲವನು. "ಕೂಲರ್ ಅಲ್ಲ ಹೌದಲ್ರಿ?"

"ಅಲ್ರಿ."

"ಯಾವಾಗ ನೋಡಿದ್ರಿ?" ಎಂದರು ಅವಿನಾಶ್.

"ಮುಂಜಾನೆ ಒಂಬತ್ತೂವರಿಗ್ರಿ. ಶನಿವಾರ ರಾತ್ರಿ ಇದ್ದವು."

"ಕೀಲಿ ಮುರದಿತ್ತೇನು?"

"ಇಲ್ರಿ. ಹಾಕಿದ್ದು ಹಂಗ ಇತ್ತು."

"ಕೀಲಿಕೈ ಎಷ್ಟು?"

"ಎರಡು. ಒಂದು ಹರ್ಷಾನ ಹತ್ರ. ಇನ್ನೊಂದು ನಮ್ಮ ಮನಿ ಮೊಳಿಗೆ ಇರ್ತದ."

"ಅಲ್ಲಿರೋದು ಯಾರ್ಯಾರಿಗೆ ಗೊತ್ತದ?"

ಗುರಣ್ಣ ಕನ್ನಡಕ ತೆಗೆದು ಒರೆಸಿದರು. "ನನಗ. ನಮ್ಮ ಮನಿಯಾಕಿ ಇಂದೂಗ." ಕನ್ನಡಕ ಮತ್ತೆ ಕಣ್ಣಿಗೇರಿತು. "ಯಂಕವ್ವಗೂ ಗೊತ್ತದ್ರಿ. ಎರಡೂ ಮನಿ ಕಸಾ ಹೊಡೀತಾಳ."

ಆ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಅದನ್ನು ಹೇಳದೆಯೂ ಇರಬಹುದಿತ್ತು ಎಂಬುದು ಹೇಳಿದವರಿಗೆ ಮಾತ್ರ ಗೊತ್ತಿತ್ತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಪ್ರಕಾರ, ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಗುರಣ್ಣ ಅದನ್ನು ಎರಡು ಬಾರಿ ಓದಿ, ಒಂದು ಕಡೆ ತಪ್ಪಿದ್ದ ಪಿನ್ ಕೋಡನ್ನು ತಿದ್ದಿಸಿ, ಸಹಿ ಮಾಡಿದರು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಯಂಕವ್ವನನ್ನು ಠಾಣೆಗೆ ಕರೆಸಲಾಯಿತು. ಸಿಂದಗಿಯ ಕಡೆಯ ಹೆಂಗಸು, ವಯಸ್ಸು ನಲವತ್ತರ ಮೇಲೆ; ಅದೇ ಸೊಸೈಟಿಯಲ್ಲಿ ಏಳು ಮನೆಗಳ ಕೆಲಸ. ಮಹಿಳಾ ಪೇದೆ ಸಾಯಲಿ ಪಕ್ಕದಲ್ಲಿ ಕೂತಳು. ಪ್ರಶ್ನೆ ಅವಿನಾಶರದು.

"ಹರ್ಷಾ ಅವರ ಮನಿಯೊಳಗಿನ ಮಶೀನು ನೋಡೀಯೇನು?"

"ನೋಡೀನ್ರಿ. ಮುಟ್ಟಿಲ್ಲ."

"ಯಾಕ?"

"ಮುಟ್ಟಬ್ಯಾಡ ಅಂದಾರ್ರಿ. ಮೇಜಿನ ತನಕಾ ಒರಸಾಕಿ, ಅದರ ಮ್ಯಾಲಿನ ಧೂಳಾ ಅದಕ್ಕ ಬಿಡಾಕಿ."

"ಆಯ್ತವಾರ ಎಲ್ಲಿದ್ದಿ?"

"ಮನ್ಯಾಗ್ರಿ. ಅರಬಿ ಒಗ್ಯೂದಿತ್ತು."

"ಯಾರು ನೋಡ್ಯಾರ?"

ಯಂಕವ್ವ ಸ್ವಲ್ಪ ಯೋಚಿಸಿದಳು. "ನಾ ಅರಬಿ ಒಗ್ಯೂದು ನೋಡಾಕ ಯಾರ್ ಬರ್ತಾರ್ರಿ, ಸಾಹೇಬ್ರ?"

ಕೃಷ್ಣಾಜಿ ನಕ್ಕುಬಿಟ್ಟ, ಅವಿನಾಶ್ ನೋಡಿದ ಮೇಲೆ ಕೆಮ್ಮಿದ.

ಅವಳನ್ನು ಸಂಜೆ ಐದಕ್ಕೆ ಕಳಿಸಿ, ಬುಧವಾರ ಮತ್ತೆ ಕರೆಸಿದರು. ಗುರುವಾರವೂ ಕರೆಸಿದರು. ಕೇಳಲು ಹೊಸದೇನೂ ಉಳಿದಿರಲಿಲ್ಲ; ಬೇರೆ ಹೆಸರು ಇರಲಿಲ್ಲವೆಂಬುದೇ ಅವಳನ್ನು ಕೂಡಿಸಿದ್ದಕ್ಕೆ ಕಾರಣ. ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ, ಸೆರಗಿನ ಅಂಚನ್ನು ಮಡಚುತ್ತ ಬಿಡಿಸುತ್ತ ಅವಳು ಕೂತಿರುತ್ತಿದ್ದಳು. ಗುರುವಾರ ನಾಲ್ಕು ಗಂಟೆಗೆ ಸಾಯಲಿ ಬಂದು ಅವಿನಾಶರ ಮೇಜಿನ ಮುಂದೆ ನಿಂತಳು.

"ಸರ್, ಏಳರಲ್ಲಿ ಐದು ಮನೆಯವರು ಅವಳಿಗೆ ಬರಬೇಡ ಅಂದಿದ್ದಾರೆ," ಎಂದಳು ಮರಾಠಿಯಲ್ಲಿ. "ಇನ್ನೊಂದು ವಿಷಯ. ಈ ಫೋಟೋ ನೋಡಿ. ಕಳ್ಳ ಸ್ಕ್ರೂ ಬಿಚ್ಚುತ್ತಾನೆ, ಸರಿ. ಬಟ್ಟಲು ಹುಡುಕಿ ಅದರಲ್ಲಿ ಯಾಕೆ ಇಡುತ್ತಾನೆ?"

ಅವಿನಾಶ್ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸೋಮವಾರದಿಂದ ಅದು ಅವರ ಕಡತದಲ್ಲೇ ಇತ್ತು. ಆ ತಂತಿಗಳನ್ನು ಸುತ್ತಿದ ಕೈಗೆ ಅವಸರವಿರಲಿಲ್ಲ; ಮುಂದೆಂದೋ ಮತ್ತೆ ಜೋಡಿಸುವವನಿಗೆ ತೊಂದರೆಯಾಗಬಾರದೆಂಬ ಮರ್ಯಾದೆ ಆ ಕೈಗಿತ್ತು. ನೋಡಿಯೂ ತಾನು ನೋಡಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ಬೆಂಚಿನ ಕಡೆ ಕತ್ತು ತಿರುಗಿಸಲಾಗಲಿಲ್ಲ.

"ಆಕೀನ್ನ ಮನಿಗೆ ಕಳಸ್ರಿ. ನಾಳೆ ಕರೀಬ್ಯಾಡ್ರಿ," ಎಂದರು ಕೃಷ್ಣಾಜಿಗೆ.

ಹರ್ಷಾ ಬಾರಾಮತಿಯಿಂದ ಕಾರ್ಡುಗಳ ಬಿಲ್ಲುಗಳನ್ನು ಕಳಿಸಿದ್ದ. ಪ್ರತಿ ಕಾರ್ಡಿಗೂ ಒಂದು ಕ್ರಮಸಂಖ್ಯೆ. ಕದ್ದ ಮಾಲು ದುರಸ್ತಿಗೆ ಬಂದರೆ ತಿಳಿಸಿ ಎಂದು ಚಿಂಚವಾಡದಲ್ಲಿರುವ ಕಾರ್ಡು ಕಂಪನಿಯ ದುರಸ್ತಿ ಕೇಂದ್ರಕ್ಕೆ ಅಂದೇ ಬರೆದರು. ಶುಕ್ರವಾರ, 24ರ ಮಧ್ಯಾಹ್ನ 3.10ಕ್ಕೆ ಉತ್ತರ ಬಂತು. ಕಾರ್ಡುಗಳು ಬಂದಿಲ್ಲ. ಆದರೆ ಅವೇ ಆರು ಸಂಖ್ಯೆಗಳ ಬಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಬಂದಿದೆ, ಅದರ ಪ್ರತಿ ಲಗತ್ತಿಸಿದೆ.

ಪತ್ರ ಇಂಗ್ಲಿಷಿನಲ್ಲಿ, ಕೈಬರಹದಲ್ಲಿ ಇತ್ತು. ಎಡ ಮೂಲೆಯಲ್ಲಿ ಜಾವಕ ಕ್ರಮಾಂಕ, ಅಂದರೆ ಹೊರಹೋಗುವ ಪತ್ರದ ಸಂಖ್ಯೆ, 3/2025. ದಿನಾಂಕ ಜನವರಿ 16, ಗುರುವಾರ. ವಿಷಯ: ಆರು ಗ್ರಾಫಿಕ್ಸ್ ಕಾರ್ಡುಗಳು ನಿಷ್ಕ್ರಿಯವಾದ ಬಗ್ಗೆ. ಸದರಿ ಕಾರ್ಡುಗಳು ನನ್ನ ಉಸ್ತುವಾರಿಯಲ್ಲಿದ್ದು, ಡ್ರೈವರ್ ಸರಿಪಡಿಸುವಾಗ ನನ್ನಿಂದಾದ ಪ್ರಮಾದದಿಂದ ಪರದೆಯ ಮೇಲೆ ಏನನ್ನೂ ತೋರಿಸುತ್ತಿಲ್ಲ. ಪರಿಹಾರೋಪಾಯವನ್ನು ಮರುಟಪಾಲಿನಲ್ಲಿ ತಿಳಿಸಬೇಕಾಗಿ ವಿನಂತಿ. ಕೆಳಗೆ ಪೂರ್ಣ ಹೆಸರು, ವಿಳಾಸ, ಸಹಿ.

"ಕಳ್ಳತನಕ್ಕಿಂತ ನಾಕು ದಿವಸ ಮದಲ ಸಹಿ ಮಾಡಿ ಕೊಟ್ಟಾರ," ಎಂದ ಕೃಷ್ಣಾಜಿ. "ಅದೂ ರಿಜಿಸ್ಟರ್ಡ್, ಮುಟ್ಟಿದ್ದಕ್ಕ ಪೋಚ್‌ಪಾವತಿ ಸಹಿತ. ಮೂವತ್ತು ವರ್ಷದ ಸರ್ವಿಸಿನಾಗ ಇಂಥಾ ಕಳ್ಳನ್ನ ನೋಡಿಲ್ರಿ ಸಾಹೇಬ್ರ."

ಅವಿನಾಶ್ ನಗಲಿಲ್ಲ.

ಶನಿವಾರ, 25ರ ಬೆಳಿಗ್ಗೆ 11 ಗಂಟೆಗೆ ಸಾಯಲಿ, ಕೃಷ್ಣಾಜಿ ಮತ್ತು ಇಬ್ಬರು ಪಂಚರೊಡನೆ ಅವರು ಗುರಣ್ಣನವರ ಮನೆಗೆ ಹೋದರು. ಇಂದೂಬಾಯಿ ಬಾಗಿಲು ತೆಗೆದರು. "ಬರ್ರಿ, ಬರ್ರಿ. ಸಿಕ್ಕಾನೇನ್ರಿ ಕಳ್ಳ? ಇವರು ನಾಕು ದಿವಸಾತು ಊಟಾ ಸೈತ ಸರಿಯಾಗಿ ಮಾಡಿಲ್ಲ, ಆ ಹುಡುಗನ ಮಾಲು ಹೋತು ಅಂತ."

ಅವರು ಚಹಾ ತರಲು ಒಳಗೆ ಹೋದರು. ಅವಿನಾಶ್ ಪತ್ರದ ಪ್ರತಿಯನ್ನು ಟೀಪಾಯಿಯ ಮೇಲಿಟ್ಟರು. ಗುರಣ್ಣ ಅದನ್ನು ಮುಟ್ಟಲಿಲ್ಲ. ತಮ್ಮದೇ ಅಕ್ಷರಗಳನ್ನು ಅಪರಿಚಿತರಂತೆ ನೋಡಿದರು.

"ಮಾಲು ಎಲ್ಲದ?"

"ಅಟ್ಟದ ಮ್ಯಾಲದ್ರಿ."

ಸಾಯಲಿ ಸ್ಟೂಲು ಹತ್ತಿ ಇಳಿಸಿದಳು. ಹಳೆಯ ಶಾಲಿನೊಳಗೆ ಆರು ಪೊಟ್ಟಣ. ಪ್ರತಿಯೊಂದಕ್ಕೂ ವರ್ತಮಾನ ಪತ್ರಿಕೆಯ ಹೊದಿಕೆ, ಹೊದಿಕೆಯ ಮೇಲೆ ಅಂಕಣದ ಸಂಖ್ಯೆ, ಒಂದರಿಂದ ಆರು. ಜಪ್ತಿ ಪಂಚನಾಮೆ 11.35ಕ್ಕೆ ಆರಂಭವಾಯಿತು.

"ಏನಾತು ಹೇಳ್ರಿ," ಎಂದರು ಅವಿನಾಶ್.

ಗುರಣ್ಣ ಹೇಳಿದರು. ಹದಿಮೂರನೆಯ ತಾರೀಖು ಗಣಕ ತನ್ನಷ್ಟಕ್ಕೆ ತಾನೇ ಹೊಸ ಡ್ರೈವರ್ ಹಾಕಿಕೊಂಡಿತ್ತು. ಗಣಕ ಮತ್ತು ಕಾರ್ಡುಗಳ ನಡುವೆ ಮಾತು ದಾಟಿಸುವ ತಂತ್ರಾಂಶ ಅದು. ಮರುದಿನ ಎರಡು ಕಾರ್ಡುಗಳ ಹೆಸರಿನ ಮುಂದೆ ಹಳದಿ ತ್ರಿಕೋನ. ಹರ್ಷಾ ಫೋನಿನಲ್ಲಿ ಹೇಳಿಕೊಟ್ಟ: ಹೊಸದನ್ನು ಪೂರ್ತಿ ಅಳಿಸಿ, ಹಳೆಯದನ್ನು ಹಾಕಿ. ಅವರು ಹಾಗೆಯೇ ಮಾಡಿದರು. ತ್ರಿಕೋನ ಹೋಗಲಿಲ್ಲ. ಹರ್ಷಾನನ್ನು ಮತ್ತೆ ಹೇಗೆ ಕೇಳುವುದೆಂದು ಸಂಕೋಚಪಟ್ಟು, ಒಂದು ವಿಡಿಯೊ ನೋಡಿ, ಕಾರ್ಡಿನೊಳಗೇ ಇರುವ ಮೂಲ ಆದೇಶಗಳನ್ನು, ಬಯಾಸ್ ಅನ್ನುವುದನ್ನು, ಹೊಸದಾಗಿ ಬರೆದರು. ಬರೆದದ್ದು ಬೇರೊಂದು ಮಾದರಿಯ ಕಾರ್ಡಿನದು.

"ಎರಡು ಕೆಟ್ಟಿದ್ದವು. ಆರಕ್ಕೂ ಯಾಕ ಬರದ್ರಿ? ಒಂದಕ್ಕ ಮಾಡಿ ನೋಡಬಾರದಿತ್ತೇನು?"

"ನಮ್ಮ ಆಫೀಸಿನಾಗ ಹಂಗಲ್ರಿ," ಎಂದರು ಗುರಣ್ಣ ಮೆಲ್ಲಗೆ. "ಒಂದ ವಿಷಯದ ಆರು ಫೈಲ್ ಬಂದ್ರ ಆರಕ್ಕೂ ಒಂದ ನಮೂನಿ ಷರಾ ಬರದು, ಆಮ್ಯಾಲ ಒಟ್ಟಿಗೆ ಸಾಹೇಬ್ರ ಮುಂದ ಇಡೂದು. ಮೂವತ್ತಾರು ವರ್ಷ ಹಂಗ ಮಾಡೀನಿ. ಒಂದೂ ತಿರುಗಿ ಬಂದಿಲ್ಲ."

"ಹರ್ಷಾಗ ಒಂದು ಫೋನ್?"

"ಹೊಸಾ ವರ್ಷದ ಸೊಸೈಟಿ ಸಭಾದಾಗ ಅಂವಾ ಎಲ್ಲಾರ ಮುಂದ ಅಂದ್ರಿ, ಕಾಕಾರಷ್ಟು ಕಂಪ್ಯೂಟರ್ ನಮ್ಮ ವಯಸ್ಸಿನವರಿಗೂ ಬರೂದಿಲ್ಲ ಅಂತ. ಜನಾ ಚಪ್ಪಾಳಿ ಹೊಡದ್ರು. ಹೋದ ಶನಿವಾರ ಫೋನ್ ಮಾಡಿ, ಮಂಗಳವಾರ ಬರ್ತೇನಿ ಅಂದ. ಕಂಪನಿಯವರ ಉತ್ತರ ಬಂದಿರಲಿಲ್ಲ. ಕಳುವಾದ್ರ ನನ್ನ ತಪ್ಪು ಅಲ್ಲ ಅನಿಸ್ತು."

"ಯಂಕವ್ವನ ಹೆಸರು ಯಾಕ ಹೇಳಿದ್ರಿ?"

ಅಡುಗೆಮನೆಯ ಬಾಗಿಲಲ್ಲಿ ಇಂದೂಬಾಯಿ ಚಹದ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ತಟ್ಟೆಯನ್ನು ಮೇಜಿನ ಮೇಲಿಡದೆ ಹಾಗೆಯೇ ಒಳಗೆ ಒಯ್ದರು.

ಮಾಲಿನ ಸ್ಥಿತಿಯನ್ನು ದಾಖಲಿಸಲು ಮಧ್ಯಾಹ್ನ 2 ಗಂಟೆಗೆ ಹತ್ತಿರದ ಗಣಕ ದುರಸ್ತಿ ಅಂಗಡಿಗೆ ಹೋದರು. ಮಂಗಳವಾರ ಬರಲಾಗದೆ ಬಾರಾಮತಿಯಲ್ಲೇ ಉಳಿದಿದ್ದ ಹರ್ಷಾ ನೇರವಾಗಿ ಅಲ್ಲಿಗೇ ಬಂದಿದ್ದ; ಗುರಣ್ಣ ಕೃಷ್ಣಾಜಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಅಂಗಡಿಯವನು ಒಂದನೆಯ ಕಾರ್ಡನ್ನು ಕೈಯಲ್ಲಿ ಹಿಡಿದು, ಅದರ ಅಂಚಿನಲ್ಲಿದ್ದ ಅಕ್ಕಿಕಾಳಿನಷ್ಟು ಚಿಕ್ಕ ಗುಂಡಿಯೊಂದನ್ನು ಉಗುರಿನಿಂದ ಸರಿಸಿದ. ಜೋಡಿಸಿದ. ಪರದೆ ಬೆಳಗಿತು. ಆರಕ್ಕೂ ಹಾಗೆಯೇ ಮಾಡಲು ಹಿಡಿದದ್ದು ಇಪ್ಪತ್ತು ನಿಮಿಷ.

"ಇದರಲ್ಲಿ ಎರಡು ಬಯಾಸ್ ಇರ್ತದೆ ಕಾಕಾ," ಎಂದ ಹರ್ಷಾ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಕೆಟ್ರೆ ಇನ್ನೊಂದು ಹಾಗೇ ಇರ್ತದೆ. ನಂಗೂ ಮೂರು ಸಲ ಹೀಗೆ ಆಗಿದೆ. ಕೇಳಿದ್ರೆ ಹೇಳ್ತಿದ್ದೆ."

ಗುರಣ್ಣ ಬೆಳಗುತ್ತಿದ್ದ ಪರದೆಯನ್ನು ನೋಡಲಿಲ್ಲ. ಏನೂ ಕೆಟ್ಟಿರಲಿಲ್ಲವೆಂಬ ಸಂಗತಿ, ಎಲ್ಲವೂ ಕೆಟ್ಟಿದೆ ಎಂಬುದಕ್ಕಿಂತ ಭಾರವಾಗಿ ಅವರ ಭುಜದ ಮೇಲೆ ಇಳಿಯುತ್ತಿದ್ದುದು ಹಿಂದೆ ನಿಂತವರಿಗೂ ಕಾಣುತ್ತಿತ್ತು.

"ಕೇಸು ವಾಪಸ್ ತಗೊಳ್ಳೋಕೆ ಆಗಲ್ವಾ ಸರ್?" ಎಂದ ಹರ್ಷಾ.

"ನಿಮ್ಮ ಕಾರ್ಡು ನಿಮಗ ಕೋರ್ಟಿನಿಂದ ಸಿಗ್ತಾವ. ಕೇಸು ಈಗ ಕಾರ್ಡಿಂದಲ್ಲ," ಎಂದರು ಅವಿನಾಶ್.

ನಂಬಿಕೆ ದ್ರೋಹ ಮತ್ತು ಸುಳ್ಳು ಮಾಹಿತಿಯ ಕಲಂಗಳನ್ನು ಸೇರಿಸಿ, ಸಂಜೆ 4.50ಕ್ಕೆ ಠಾಣೆಯಲ್ಲಿ ಗುರಣ್ಣನವರನ್ನು ಬಂಧಿಸಲಾಯಿತು. ಬಂಧನದ ಕಾಗದವನ್ನು ಅವರು ಎರಡು ಬಾರಿ ಓದಿದರು. ತಿದ್ದಲು ಏನೂ ಸಿಗಲಿಲ್ಲ.

ಅವಿನಾಶ್ ಕೇಸ್ ಡೈರಿ ತೆರೆದರು. ಉದ್ದೇಶ ಎಂಬ ಶೀರ್ಷಿಕೆಯ ಮುಂದೆ ಬರೆದರು: ಲಾಭವಲ್ಲ, ದ್ವೇಷವೂ ಅಲ್ಲ. ತನಗೆ ತಿಳಿಯದೆಂದು ಹೇಳಲು ಆರೋಪಿಗೆ ನಾಚಿಕೆಯಾಯಿತು. ಪೆನ್ನು ಅಲ್ಲಿಯೇ ನಿಂತಿತು. ಬೇರೆ ಹೆಸರು ಇಲ್ಲವೆಂದು ಒಬ್ಬಳನ್ನು ಮೂರು ದಿನ ಬೆಂಚಿನ ಮೇಲೆ ಕೂಡಿಸಿದ ನಾಚಿಕೆಯನ್ನು ಬರೆಯಲು ಡೈರಿಯಲ್ಲಿ ಶೀರ್ಷಿಕೆ ಇರಲಿಲ್ಲ.

5.20ಕ್ಕೆ ಸಾಯಲಿ ಯಂಕವ್ವನನ್ನು ಕರೆತಂದಳು. ಹೇಳಿಕೆಯ ಕೊನೆಯಲ್ಲಿ ಅವಳ ಹೆಬ್ಬೆಟ್ಟು ಬೇಕಾಗಿತ್ತು.

"ನಿನ್ನ ಮ್ಯಾಲ ಏನೂ ಇಲ್ಲವ್ವಾ," ಎಂದರು ಅವಿನಾಶ್. ಕುರ್ಚಿಯಿಂದ ತಾನು ಎದ್ದು ನಿಂತಿದ್ದೇನೆಂಬುದು ಅವರಿಗೆ ಆಮೇಲೆ ತಿಳಿಯಿತು. "ನಮ್ಮದ ತಪ್ಪಾತು."

"ಅಷ್ಟ ಆ ಐದು ಮನಿಯವರಿಗೂ ಹೇಳ್ರಿ ಸಾಹೇಬ್ರ."

"ನಾಳೆ ಮುಂಜಾನೆ ನಾನ ಬರ್ತೇನಿ. ಮನಿ ಮನಿಗೆ ಬಂದು ಹೇಳ್ತೇನಿ."

"ಹತ್ತರೊಳಗ ಬರ್ರಿ. ಆಮ್ಯಾಲ ಆಯ್ತವಾರ ಅಂತ ಎಲ್ಲಾರೂ ಹೊರಗ ಹೋಗಿರ್ತಾರ." ಅವಳು ಶಾಯಿ ಹತ್ತಿದ ಹೆಬ್ಬೆರಳನ್ನು ಎಲ್ಲಿ ಒರೆಸುವುದೆಂದು ಸುತ್ತಲೂ ನೋಡಿದಳು, ಕೊನೆಗೆ ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡಳು.

ಗೋಡೆಯ ಬಳಿ ಕೂತಿದ್ದ ಗುರಣ್ಣ ಎದ್ದರು. ಕೈ ಜೋಡಿಸಲು ಹೋದರು; ಎರಡು ಕೈಗಳು ಒಂದನ್ನೊಂದು ಮುಟ್ಟದೆ ಎದೆಯ ಮುಂದೆ ನಿಂತವು.

"ಯಂಕವ್ವಾ..."

ಅವಳು ತಿರುಗಿದಳು. ಆರು ವರ್ಷ ಕಸ ಗುಡಿಸಿದ ಮನೆಯ ಯಜಮಾನನನ್ನು, ಇಸ್ತ್ರಿ ಕೆಟ್ಟ ಅಂಗಿಯನ್ನು, ಕಿಸೆಯಲ್ಲಿದ್ದ ಎರಡು ಪೆನ್ನುಗಳನ್ನು ನೋಡಿದಳು.

"ಅಮ್ಮಾರು ಮನ್ಯಾಗ ಒಬ್ಬರ ಅದಾರ," ಎಂದಳು. "ನಾ ಹೋಕ್ಕೀನಿ ಅಲ್ಲಿಗೆ. ನೀವು ಕುಂದರ್ರಿ."

ಗುರಣ್ಣ ಕೂರಲಿಲ್ಲ. ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮೂರು ದಿನ ತಾನು ಕೂತಿದ್ದ ಬೆಂಚನ್ನು ಬಳಸಿ ನಡೆದಳು. ಅವಳ ಹಿಂದೆ ಠಾಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.