ಬೆಳ್ಳಿ ಕಾರಿನ ಗೀರು

"ನಿಮ್ಮ ಬಾಯಿಂದ್ಲೇ ನನ್ನ ಗಂಡ ಸ್ಟೇಷನ್ ಸೇರವ್ನೆ ಪುಟ್ಟರಾಜಣ್ಣ, ನೀವೇ ಬುಡಿಸ್ಕಂಡು ಬನ್ನಿ" ಎಂದು ಮಹದೇವಿ ಶೆಡ್ಡಿನ ಬಾಗಿಲಲ್ಲಿ ನಿಂತಾಗ ಪುಟ್ಟರಾಜುವಿಗೆ ತಲೆ ಎತ್ತಲಾಗಲಿಲ್ಲ.

ಕೊಳ್ಳೇಗಾಲದಲ್ಲಿ ಕಾರಿನ ಗೀರುಗಳನ್ನು ಕೈಯಲ್ಲೇ ಉಜ್ಜಿ ತೆಗೆಯುವುದು ಅವನ ಕಸುಬು. ಅಂದು ಬೆಳಿಗ್ಗೆ ಏಳಕ್ಕೆ ಅವಳ ಗಂಡ, ಡ್ರೈವರ್ ಮುರುಗೇಶ, ತನ್ನ ಯಜಮಾನ ಸದಾಶಿವಪ್ಪನವರ ಬೆಳ್ಳಿ ಬಣ್ಣದ ಕಾರು ತಂದಿದ್ದ. "ನೆನ್ನೆ ಸಂಜೆ ನಿಲ್ಲುಸ್ದಾಗ ಈ ಗೀರು ಇರ್ನಿಲ್ಲ ಕಣಣ್ಣ. ಯಜಮಾನ್ರು ನನ್ ತಲೆಗೇ ಕಟ್ತಾರೆ, ತೆಗ್ದುಬುಡು" ಎಂದಿದ್ದ. ಪುಟ್ಟರಾಜು ಗುರುತೂ ಉಳಿಯದಂತೆ ತೆಗೆದಿದ್ದ.

ಹನ್ನೊಂದಕ್ಕೆ ಸುದ್ದಿ ಬಂತು. ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಮುಳ್ಳೂರು ರಸ್ತೆಯಲ್ಲಿ ಬೆಳ್ಳಿ ಕಾರೊಂದು ದೊಡ್ಡಮಾದನೆಂಬ ಮುದುಕನನ್ನು ಕೆಡವಿ ನಿಲ್ಲದೆ ಹೋಗಿತ್ತು; ಮುದುಕ ಆಸ್ಪತ್ರೆಯಲ್ಲಿದ್ದ. ಅವನ ಸೈಕಲ್ಲು ನೀಲಿ. ಪುಟ್ಟರಾಜು ಉಜ್ಜಿದ ಬಟ್ಟೆಗೂ ನೀಲಿ ಹತ್ತಿತ್ತು. ಕೂಡಲೇ ಅವನೇ ಬಟ್ಟೆ ಹಿಡಿದು ಸ್ಟೇಷನ್ನಿಗೆ ಓಡಿದ್ದ.

ಈಗ ಕೂತಲ್ಲಿ ಕೂರಲಾಗದೆ ಪಕ್ಕದ ಮನೆಯ ಚಾಮುಂಡಮ್ಮನ ಬಳಿಗೆ ಹೋದ. ರಾಮಾಪುರದಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದ ಅವರಿಗೆ, ಊರಿನ ಎಷ್ಟೋ ಗಂಟುಗಳನ್ನು ಬಿಡಿಸುವಾಗ ಇವನೇ ಜೊತೆ.

"ಉಜ್ಜೋಕೆ ಮುಂಚೆ ಆ ಗೀರು ಹೆಂಗಿತ್ತು? ಒಂದೂ ಬಿಡದೆ ಹೇಳು."

"ಉಗುರಿಗೆ ಸಿಗ್ದಷ್ಟು ತೆಳು ಅಕ್ಕ. ಸುತ್ತ ಮಂಕಾಗಿತ್ತು. ಯಾರೋ ಹಲ್ಲುಜ್ಜೋ ಪೇಸ್ಟ್ ಹಾಕಿ ತಿಕ್ಕವ್ರೆ, ಬಾಗಿಲ ಸಂದೀಲಿ ಒಣಗಿ ಬೆಳ್ಳಗೆ ಕೂತಿತ್ತು. ಅದನ್ನ ತೊಳ್ದೇ ಪಾಲಿಶ್ ಹಾಕ್ದೆ."

"ಪೊಲೀಸರಿಗೆ ಅದನ್ನ ಹೇಳಿದ್ಯಾ?"

"ಗಾಬ್ರೀಲಿ ಮರ್ತೋಯ್ತು."

"ಒಳ್ಳೇದಾಯ್ತು. ಇನ್ನು ಯಾರ ಹತ್ರನೂ ಬಾಯಿ ಬಿಡಬೇಡ."

ಸಂಜೆ ಐದಕ್ಕೆ ಸದಾಶಿವಪ್ಪನವರ ಅಂಗಳದಲ್ಲಿ ಮಹದೇವಿಯೂ ಸೇರಿದಂತೆ ಎಲ್ಲರೂ ಕೂಡಿದರು. ಚಾಮುಂಡಮ್ಮನ ಮಾತಿಗೆ ಬೆಲೆಕೊಟ್ಟು ಸಬ್ ಇನ್‌ಸ್ಪೆಕ್ಟರು ಮುರುಗೇಶನನ್ನೂ ಕರೆತಂದಿದ್ದರು. ಕಾರಿನ ಇನ್ನೊಂದು ಕೀ ಇದ್ದದ್ದು ಸದಾಶಿವಪ್ಪನವರ ಭಾವಮೈದ ರಾಜಣ್ಣನ ಬಳಿ.

"ನಾನು ನೆನ್ನೆಯೆಲ್ಲಾ ಹನೂರಲ್ಲಿದ್ದೆ" ಎಂದ ರಾಜಣ್ಣ. "ಇವತ್ತು ಹತ್ ಗಂಟೆ ಬಸ್ಸಿಗೆ ಬಂದೆ. ಆಗ್ಲೇ ಕಾರು ಪಳಪಳ ಅಂತಿತ್ತು. ಮುರುಗೇಶನ ಮೊಖಾನೂ ಮೊನ್ನೆಯಿಂದ ನೋಡಿರ್ನಿಲ್ಲ."

"ತಪ್ಪು ಮಾಡಿದೋನು ಹಗಲಲ್ಲೇ, ಎಲ್ಲರ ಕಣ್ಣೆದುರಿಗೆ ಕಾರನ್ನ ಪಾಲಿಶಿಗೆ ತರ್ತಾನಾ ರಾಜಣ್ಣ?" ಎಂದರು ಚಾಮುಂಡಮ್ಮ.

"ಇನ್ನೇನ್ ಮಾಡಾನು? ಪೇಸ್ಟ್ ಹಾಕಿ ತಿಕ್ಕುದ್ರೂ ಓಗ್ನಿಲ್ಲ, ಅದ್ಕೇ ತಂದವ್ನೆ."

ಪುಟ್ಟರಾಜು ತಟ್ಟನೆ ಚಾಮುಂಡಮ್ಮನ ಕಡೆ ನೋಡಿದ.

"ಮುರುಗೇಶ, ನೀನು ಪೇಸ್ಟ್ ಹಾಕಿದ್ಯಾ?" ಚಾಮುಂಡಮ್ಮ ಕೇಳಿದರು.

"ನಾಕು ವರ್ಷ ಪುಟ್ಟರಾಜಣ್ಣನ ಶೆಡ್ಡಲ್ಲಿ ದುಡ್ದಿವ್ನಿ ಅವ್ವಾ. ಪೇಸ್ಟ್ ತಿಕ್ಕುದ್ರೆ ಬಣ್ಣ ಇನ್ನೂ ಕೆಡ್ತದೆ ಅಂತ ಗೊತ್ತಿಲ್ವಾ?"

ಚಾಮುಂಡಮ್ಮ ಸಬ್ ಇನ್‌ಸ್ಪೆಕ್ಟರ ಕಡೆ ತಿರುಗಿದರು. "ಈ ಕಾರಿನ ಬಣ್ಣದ ಮೇಲೆ ಪಾರದರ್ಶಕ ಪದರ ಇದೆ. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣ ಬರಲ್ಲ. ಬಂದ ನೀಲಿ ಸೈಕಲ್ಲಿಂದು, ಹಾಗಾಗಿ ಗುದ್ದಿದ್ದು ಇದೇ ಕಾರು. ಆದರೆ ಕಸುಬು ಗೊತ್ತಿರೋ ಮುರುಗೇಶ ಪೇಸ್ಟ್ ಮುಟ್ಟೋನಲ್ಲ. ತಿಕ್ಕಿದೋನು ಬೇರೆ. ಪೇಸ್ಟನ್ನ ಪುಟ್ಟರಾಜು ಬೆಳಿಗ್ಗೆಯೇ ತೊಳೆದ, ನನಗೊಬ್ಬಳಿಗೇ ಹೇಳಿದ. ಹತ್ತು ಗಂಟೆಗೆ ಪಳಪಳ ಅನ್ನೋ ಕಾರನ್ನ ನೋಡಿದ ರಾಜಣ್ಣನಿಗೆ ಅದು ಹೇಗೆ ಗೊತ್ತಾಯ್ತು?"

ರಾಜಣ್ಣ ಜಗಲಿಯ ಮೇಲೆ ಕುಸಿದ. "ಕನ್ನಡೀಲಿ ನೋಡ್ದೆ ಸಾ. ಬಿದ್ದಿದ್ದ ಮುದ್ಕಪ್ಪ ಕೈ ಎತ್ತುದ್ರು. ನಿಲ್ಸೋಕೆ ಧೈರ್ಯ ಬರ್ನಿಲ್ಲ."

ಸದಾಶಿವಪ್ಪ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ರಾಜಣ್ಣನನ್ನು ಕರೆದೊಯ್ದ ಮೇಲೆ ಪುಟ್ಟರಾಜು ಮುರುಗೇಶನ ಮುಂದೆ ನಿಂತ. "ಮೊದ್ಲು ನಿನ್ನ ಕೇಳ್ಬೇಕಾಗಿತ್ತು ಕಣ್ಲಾ. ಕೇಳ್ದೆ ಓಡ್ಬುಟ್ಟೆ."

ಮುರುಗೇಶ ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ಕೊನೆಗೆ ಹೇಳಿದ: "ಗುದ್ದುದ್ದು ಯಾರು ಅಂತ ಆ ತಾತುಂಗೆ ಇನ್ನೂ ಯಾರೂ ಏಳಿರಕ್ಕಿಲ್ಲ. ಆಸ್ಪತ್ರೆಗೆ ಓಗಿ ನಾವೇ ಏಳವ, ನಡಿ ಅಣ್ಣ."