ಕೂರಲಾರದ ವರ

"ಅವನಿ, ಬೇಗ ಬಾ! ಇಲ್ಲೊಬ್ಬನನ್ನ ಯಾರೋ ಸರಪಳಿ ಹಾಕಿ ಕಟ್ಟಿದ್ದಾರೆ!"

ಬಿರ್ಗಿಟ್ಟಾ ಕೂಗಿದ ರಭಸಕ್ಕೆ ಅವನಿಯ ಕೈಯಲ್ಲಿದ್ದ ಬನ್ನಿನ ಕೆನೆ ಮೂಗಿಗೆ ಮೆತ್ತಿಕೊಂಡಿತು. ಅದನ್ನು ಒರೆಸಿಕೊಳ್ಳುತ್ತಲೇ ಓಡಿದಳು.

ಸ್ವೀಡನ್ನಿನ ಉಪ್ಸಾಲಾದ ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಬ್ಬರೂ ಎಕ್ಸ್-ರೇ ತೆಗೆಯುವವರು. ಬಿರ್ಗಿಟ್ಟಾ ರಿಟೈರ್ ಆಗಲು ದಿನ ಎಣಿಸುತ್ತಿರುವಾಕೆ. ನುಂಗಿದ ಕೀಲಿಕೈ, ಮೂಗಿಗೆ ಸೇರಿಸಿಕೊಂಡ ಲೆಗೋ, ಏನೆಲ್ಲ ನೋಡಿದ್ದಳೋ! ಆದರೆ ಇದನ್ನು ನೋಡಿರಲಿಲ್ಲ.

ಸ್ಕ್ರೀನಿನಲ್ಲಿ ಒಂದು ಸೊಂಟ. ಆ ಸೊಂಟದ ಮೂಳೆಗಳ ಮೇಲೆ, ಈ ಕಡೆಯಿಂದ ಆ ಕಡೆಗೆ, ಪುಟ್ಟ ಪುಟ್ಟ ಕೊಂಡಿಗಳ ಬಿಳಿ ಸಾಲು.

ಅವನಿ ನಗು ತಡೆಯಲಾರದೆ ಹೋದಳು.

"ಮೆಟಲ್ ಎಲ್ಲಾ ತೆಗೀರಿ ಅಂತ ಹೇಳಿದೆ," ಬಿರ್ಗಿಟ್ಟಾ ಅವಲತ್ತುಕೊಂಡಳು. "ಬೆಲ್ಟು, ವಾಚು, ಉಂಗುರ ಎಲ್ಲಾ ತೆಗೆದ. ಇನ್ನೇನಾದ್ರೂ ಇದೆಯಾ ಅಂದ್ರೆ ಇಲ್ಲ ಅಂದ!"

ಪಾಪ, ಅವನು ಸುಳ್ಳು ಹೇಳಿರಲಿಲ್ಲ. ಉಡಿದಾರವನ್ನು ಯಾರಾದರೂ ಹಾಕಿಕೊಂಡಿರುವ ವಸ್ತು ಅಂತ ಅಂದುಕೊಳ್ಳುತ್ತಾರಾ? ಅದು ಹೊಕ್ಕಳಿನ ಹಾಗೆ, ಇರುತ್ತದೆ ಅಷ್ಟೇ.

ಅವನಿ ಒಳಗೆ ಹೋದಳು. ಒಬ್ಬ ಯುವಕ ಗೋಡೆಯ ಕಡೆ ಮುಖ ಮಾಡಿ, ಮಗ್ಗುಲಾಗಿ ಮಲಗಿ ನರಳುತ್ತಿದ್ದ.

"ನಮಸ್ಕಾರ. ನಿಮ್ಮ ಉಡಿದಾರ ಬಿಚ್ಬೇಕು."

ನರಳಾಟ ನಿಂತಿತು. ಆಮೇಲೆ ನಿಧಾನವಾಗಿ ಆ ತಲೆ ಈ ಕಡೆ ತಿರುಗಿತು. ಕೆದರಿದ ಕೂದಲು, ದೊಡ್ಡ ಕಣ್ಣು, ಆ ಕಣ್ಣಿನ ತುಂಬ ಗಾಬರಿ.

"ನೀವು... ಕನ್ನಡದವರಾ?"

"ಹೌದು."

"ಈ ಊರಿಗೆ ಬಂದಾಗಿನಿಂದ ಯಾರಾದ್ರೂ ಒಬ್ಬರು ಕನ್ನಡದಲ್ಲಿ ಮಾತಾಡಿಸಲಿ ಅಂತ ಕಾಯ್ತಾ ಇದ್ದೆ," ಅವನು ಕಣ್ಣು ಮುಚ್ಚಿಕೊಂಡ. "ಮೊದಲನೇ ಮಾತು ಇದೇ ಆಗ್ಬೇಕಿತ್ತಾ ದೇವ್ರೇ!"

ಅವನಿ ತುಟಿ ಕಚ್ಚಿ ನಗು ನುಂಗಿದಳು. ಆದರೆ ಅವನು ಬಿಚ್ಚಲು ಒಪ್ಪಲಿಲ್ಲ. ಸೊಂಟ ಬರಿದಾಗಬಾರದಂತೆ. ಅಜ್ಜಿಗೆ ಮಾತು ಕೊಟ್ಟಿದ್ದಾನಂತೆ. ಬೇಕಾದರೆ ನೋವಿನಲ್ಲೇ ಮನೆಗೆ ಹೋಗುತ್ತಾನಂತೆ!

ಗದರಬಹುದಿತ್ತು. ಆದರೆ ತನ್ನ ಅಜ್ಜಿ ತಮ್ಮನಿಗೆ ಉಡಿದಾರ ಬದಲಾಯಿಸುತ್ತಿದ್ದದ್ದು ಅವಳಿಗೆ ನೆನಪಾಯಿತು. ಹೊಸದನ್ನು ಕಟ್ಟಿದ ಮೇಲೆಯೇ ಅಜ್ಜಿ ಹಳೆಯದಕ್ಕೆ ಕೈ ಹಾಕುತ್ತಿದ್ದದ್ದು. ಅವಳು ಡ್ರಾಯರ್ ಎಳೆದು, ಬ್ಯಾಂಡೇಜ್ ಬಟ್ಟೆಯ ಉದ್ದನೆಯ ಪಟ್ಟಿ ಕತ್ತರಿಸಿ, ಹೊಸೆದು ದಾರ ಮಾಡಿ ಅವನ ಕೈಗಿಟ್ಟಳು.

"ಮೊದಲು ಇದನ್ನ ಕಟ್ಕೊಳಿ. ಆಮೇಲೆ ಅದನ್ನ ಬಿಚ್ಚಿ. ಹೊಸದು ಕಟ್ಟದೆ ಹಳೇದು ಬಿಚ್ಬಾರದು, ನಂಗೂ ಗೊತ್ತು. ಹತ್ತಿ ಬಟ್ಟೆ, ಎಕ್ಸ್-ರೇನಲ್ಲಿ ಕಾಣಲ್ಲ."

ಅವನು ಆ ದಾರವನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ. ನೋವು ಮರೆತೇ ಹೋದವನ ಹಾಗೆ!

*ಹೀಗೆ ನೋಡಬೇಡ ಮಾರಾಯ, ನಾನು ಕೆಲಸ ಮಾಡ್ಬೇಕು...* ಅವನಿ ಬೇಗ ಬೇಗ ಮೆಷಿನ್ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿದಳು.

ಎಲ್ಲ ಮುಗಿದಾಗ ಅವನು ಕೇಳಿದ, "ಮುರಿದಿದೆಯಾ?"

"ನಾವು ರಿಸಲ್ಟ್ ಹೇಳೋ ಹಾಗಿಲ್ಲ. ಡಾಕ್ಟರ್ ಹೇಳ್ತಾರೆ."

"ಇನ್ನೊಂದು ರಿಕ್ವೆಸ್ಟ್... ನಾನು ಜಾರಿ ಬಿದ್ದು ಇಲ್ಲಿಗೆ ಬಂದಿದ್ದು ಯಾರಿಗೂ ಹೇಳ್ಬೇಡಿ. ಅಮ್ಮನಿಗೆ ಗೊತ್ತಾದ್ರೆ ನಾಳೆನೇ ಟಿಕೆಟ್ ಹಾಕಿ ತುಮಕೂರಿಗೆ ಕರೆಸ್ಕೋತಾರೆ."

"ಇಲ್ಲಿ ನೋಡಿದ್ದು ಹೊರಗೆ ಹೋಗಲ್ಲ. ಅದು ಕಾನೂನು. ದಾರಿಯಲ್ಲಿ ಸಿಕ್ಕಿದ್ರೂ ನಿಮ್ಮ ಪರಿಚಯ ಇದೆ ಅಂತ ನಾನು ತೋರಿಸ್ಕೊಳ್ಳಲ್ಲ."

"ಅಯ್ಯೋ, ಅಷ್ಟೊಂದು ಬೇಡ ರೀ..." ಅಂದ ಅವನು, ಕುಂಟುತ್ತಾ ಹೊರಟೇ ಹೋದ.

ಬೆಳ್ಳಿ ಉಡಿದಾರ ಟ್ರೇಯಲ್ಲೇ ಉಳಿಯಿತು.

ಅದನ್ನು ಚೀಲಕ್ಕೆ ಹಾಕಿ ರಿಸೆಪ್ಷನ್ನಿಗೆ ಕೊಟ್ಟದ್ದಾಯಿತು. ಅಲ್ಲಿಂದ ಆ ಯುವಕನಿಗೆ ಮೆಸೇಜ್ ಕೂಡ ಹೋಯಿತು. ಆದರೂ ಚೀಲ ಅಲ್ಲೇ ಉಳಿಯಿತು. ಅವನಿ ಮಾತ್ರ ದಿನಾ ಅಲ್ಲಿ ಇಣುಕುವಳು.

"ಆ ಚೀಲಕ್ಕೆ ಯಾರಾದ್ರೂ ಬಂದಿದ್ರಾ?"

"ಇಲ್ಲ. ಒಬ್ಬ ಬೆಲ್ಟ್ ಕೇಳ್ಕೊಂಡು ಬಂದಿದ್ದ, ಕೊಟ್ಟು ಕಳಿಸಿದೆ," ಅಂದಳು ರಿಸೆಪ್ಷನ್ನಿನಾಕೆ.

ಅವನ ಫೈಲು ತೆರೆದರೆ ಸಾಕು, ಫೋನ್ ನಂಬರ್ ಇದೆ, ವಿಳಾಸ ಇದೆ, ಹೇಗಿದ್ದಾನೆ ಅನ್ನುವುದೂ ಇದೆ. ಆದರೆ ಕೆಲಸ ಮುಗಿದ ಮೇಲೆ ರೋಗಿಯ ಫೈಲು ತೆರೆಯುವುದು ಅಪರಾಧ. ಯಾರು ತೆರೆದರು ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಅವನಿ ಮೌಸ್ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದು, ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಅದನ್ನು ನೋಡಿ ಬಿರ್ಗಿಟ್ಟಾ ಮೀಸೆಯಿಲ್ಲದಿದ್ದರೂ ಮೀಸೆಯಡಿ ನಗುವವಳು.

ಇತ್ತ ಮನೆಯಲ್ಲಿ ಬೇರೆಯದೇ ಗಲಾಟೆ.

ಅವನಿಯ ಅಪ್ಪ ದತ್ತಾತ್ರೇಯ ಔಷಧಿ ಕಂಪನಿಯ ಕೆಲಸಕ್ಕೆಂದು, ಅವಳು ಚಿಕ್ಕವಳಿದ್ದಾಗಲೇ ಉಪ್ಸಾಲಾಕ್ಕೆ ಬಂದವರು. ಮಗಳು ಬಂದ ಗಂಡುಗಳನ್ನೆಲ್ಲ ಬೇಡ ಅನ್ನುತ್ತಾ ಬಂದದ್ದಕ್ಕೆ ಅವರ ತಾಳ್ಮೆ ತಳ ಕಂಡಿತ್ತು. ಅಷ್ಟರಲ್ಲಿ ಕನ್ನಡ ಸಂಘದ ಪ್ರಫುಲ್ಲಾ ಆಂಟಿ ಒಂದು ಸಂಬಂಧ ತಂದರು. ಊರಿನ ಅರ್ಧ ಮದುವೆ ತಮ್ಮಿಂದಲೇ ಆಗಿದ್ದು ಅಂತ ಹೇಳಿಕೊಂಡು ತಿರುಗುವವರು ಅವರು.

"ಹೆಣ್ಣು ನೋಡೋ ಶಾಸ್ತ್ರ ಅಂತ ಅಂದ್ಕೋಬೇಡಮ್ಮ. ಭಾನುವಾರ ಮಧ್ಯಾಹ್ನ ಬರೀ ಫೀಕಾ, ಈ ಊರೋರ ಕಾಫಿ-ತಿಂಡಿ ಅಷ್ಟೇ! ಹುಡುಗ ಕಿಸ್ಟಾದ ಕಂಪನಿಯಲ್ಲಿ ಇಂಜಿನಿಯರ್. ಬರ್ತಾನೆ, ಕೂರ್ತಾನೆ, ಕಾಫಿ ಕುಡೀತಾನೆ, ಹೋಗ್ತಾನೆ."

"ಫೀಕಾಗೆ ಸೀರೆ ಯಾಕೆ ಉಡ್ಬೇಕು ಆಂಟಿ?"

ಆಂಟಿ ಆಗಲೇ ಸೀರೆಯ ಬಣ್ಣ ಆರಿಸತೊಡಗಿದ್ದರು.

ಭಾನುವಾರ ಬೆಲ್ ಸದ್ದಾಯಿತು. ಅವನಿ ಬಾಗಿಲು ತೆರೆದಳು.

ಅವನೇ! ಎಕ್ಸ್-ರೇ ಕೋಣೆಯ ಸುದರ್ಶನ್!

ಅವನ ಮುಖವಂತೂ ಅರಳಿಹೋಯಿತು. "ನೀವಾ...!"

ಅವಳ ಪ್ರಾಣವೇ ಕುಣಿಯಿತು. ಆದರೆ ಬೆನ್ನ ಹಿಂದೆ ಅಪ್ಪ, ಅಮ್ಮ, ಪ್ರಫುಲ್ಲಾ ಆಂಟಿ. ಎಲ್ಲಿ ನೋಡಿದ್ದು ಅಂತ ಕೇಳಿದರೆ? ಕೇಳದೆ ಬಿಡುವ ಪೈಕಿಯಾ ಆಂಟಿ!

ಅವನಿ ಮುಖವನ್ನು ಗೋಡೆಯಂತೆ ಮಾಡಿಕೊಂಡಳು. "ನಮಸ್ಕಾರ. ಒಳಗೆ ಬನ್ನಿ."

ಅಷ್ಟೇ. ಅವನ ನಗು ಬಾಡಿತು. *ಪರಿಚಯ ತೋರಿಸ್ಕೊಳ್ಳೋಕೂ ಇಷ್ಟ ಇಲ್ವಾ? ಇರಲಿ, ಉಡಿದಾರದಲ್ಲಿ ನೋಡಿದವನನ್ನ ಯಾರು ಇಷ್ಟಪಡ್ತಾರೆ...* ಅಂದುಕೊಂಡ ಸುದರ್ಶನ್, ತಲೆ ತಗ್ಗಿಸಿ ಶೂ ಬಿಚ್ಚಿದ. ಬಗ್ಗಿದಾಗ ಅವನ ಹಲ್ಲು ಕಚ್ಚಿದ್ದು ಅವಳೊಬ್ಬಳಿಗೇ ಕಂಡಿತು.

"ಬನ್ನಿ, ಕೂತ್ಕೊಳಿ," ದತ್ತಾತ್ರೇಯ ಸೋಫಾ ತೋರಿಸಿದರು.

"ಪರವಾಗಿಲ್ಲ ಸಾರ್."

"ಅಯ್ಯೋ, ಕೂತ್ಕೊಳಿ."

"ಆಫೀಸಲ್ಲಿ ಕೂತೂ ಕೂತೂ... ನಿಂತೇ ಇರ್ತೀನಿ ಸಾರ್."

ಅಮ್ಮ ಪದ್ಮಿನಿ ಕೋಡುಬಳೆ ತಂದಿಟ್ಟರು. ಅವನು ನಿಂತೇ ತಿಂದ. ಕಾಫಿ ಬಂತು. ನಿಂತೇ ಕುಡಿದ. ದತ್ತಾತ್ರೇಯರ ಹುಬ್ಬು ಗಂಟಾಯಿತು. ಮನೆಗೆ ಬಂದವನು ಕೂರಲೂ ಒಲ್ಲ ಅಂದರೆ ಏನರ್ಥ? ಓಡಿಹೋಗಲು ತಯಾರಾಗಿ ಬಂದಿದ್ದಾನಾ?

ಸಾಲದ್ದಕ್ಕೆ ಪ್ರಫುಲ್ಲಾ ಆಂಟಿ ತುಮಕೂರಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಸ್ಕ್ರೀನ್ ತುಂಬ ಅವನ ಅಮ್ಮ ಲೀಲಾವತಿ!

"ನಮಸ್ಕಾರ ಎಲ್ರಿಗೂ! ಯಾಕೋ ಮಗಾ ನಿಂತಿದ್ದೀಯ? ಕೂತ್ಕೊಳ್ಳೋ!"

"ಬೇಡಮ್ಮ..."

"ದೊಡ್ಡೋರು ಹೇಳ್ತಾವ್ರೆ. ಕೂತ್ಕೋ!"

ಸುದರ್ಶನ್ ಗಲ್ಲಿಗೇರುವವನ ಹಾಗೆ ಸೋಫಾದ ಕಡೆ ನಡೆದ. ನಿಧಾನವಾಗಿ ಬಗ್ಗಿದ. ಇನ್ನೇನು ತಾಗಬೇಕು...

"ನಿಲ್ಲಿ!" ಅವನಿ ಕಿರುಚಿಯೇಬಿಟ್ಟಳು.

ಎಲ್ಲರೂ ಅವಳನ್ನೇ ನೋಡಿದರು.

"ಅಂದ್ರೆ... ಎಲ್ಲರೂ ನಿಲ್ಲೋಣ! ನಮ್ಮ ಆಸ್ಪತ್ರೆಯಲ್ಲಿ ಈಗ ನಿಂತ್ಕೊಂಡೇ ಫೀಕಾ. ಆರೋಗ್ಯಕ್ಕೆ ಒಳ್ಳೇದು. ಅಪ್ಪಾ, ಎದ್ದೇಳಿ! ಆಂಟಿ, ನೀವೂನೂ!"

ಹೀಗೆ, ಉಪ್ಸಾಲಾದ ಆ ಮನೆಯಲ್ಲಿ ಐದು ಜನ ಪ್ರಸಾದಕ್ಕೆ ನಿಂತವರ ಹಾಗೆ ಕೈಯಲ್ಲಿ ತಟ್ಟೆ ಹಿಡಿದು ನಿಂತರು. ಮಂಡಿನೋವಿನ ಪ್ರಫುಲ್ಲಾ ಆಂಟಿ ಟೀಪಾಯಿ ಹಿಡಿದುಕೊಂಡು ನರಳುತ್ತಿದ್ದರು.

ದತ್ತಾತ್ರೇಯ ದಡ್ಡರಲ್ಲ. ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು.

"ಅವನೀ, ಈ ಹುಡುಗ ನಿಂಗೆ ಮೊದಲೇ ಗೊತ್ತಾ?"

ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೌದು ಅನ್ನುವ ಹಾಗಿಲ್ಲ.

"ಅದನ್ನ ನಾನು ಹೇಳೋ ಹಾಗಿಲ್ಲ ಅಪ್ಪಾ."

"ಹೇಳೋ ಹಾಗಿಲ್ಲ ಅಂದ್ರೆ?! ಬಾಗಿಲಲ್ಲಿ ಅವನು ಹಲ್ಲು ಬಿಟ್ಟ, ನೀನು ಮುಖ ತಿರುಗಿಸಿದೆ. ಇಬ್ಬರ ಮಧ್ಯೆ ಏನು ನಡೆದಿದೆ?"

"ರಾಮಾ ರಾಮಾ!" ಪ್ರಫುಲ್ಲಾ ಆಂಟಿ ಎದೆ ಹಿಡಿದುಕೊಂಡರು. "ನಾನು ಗ್ಯಾರಂಟಿ ಕೊಟ್ಟು ತಂದ ಸಂಬಂಧ!"

"ಅವನಿ, ನಿಜ ಹೇಳು. ಇಲ್ಲಾಂದ್ರೆ ಈ ಮಾತುಕತೆ ಇಲ್ಲಿಗೇ ಮುಗೀತು."

ಅವಳ ಕಣ್ಣು ತುಂಬಿ ಬಂತು. ಒಂದು ಮಾತು ಸಾಕಿತ್ತು. ಅವನು ಬಿದ್ದಿದ್ದಾನೆ, ಅವನಿಗೆ ನೋವು, ಅವನನ್ನು ಕೂರಿಸಬೇಡಿ! ಆ ಮಾತು ಆಡಿದರೆ ಅವನು ಉಳಿಯುತ್ತಾನೆ. ಆದರೆ ಗುಟ್ಟು ಅವಳದಲ್ಲ, ಅವನದು. ಜೀವನದಲ್ಲಿ ಮೊದಲ ಸಲ ಬೇಕು ಅನ್ನಿಸಿದ ಹುಡುಗ ಕಣ್ಣೆದುರೇ ಕೈತಪ್ಪುತ್ತಿದ್ದಾನೆ... ಆದರೂ ಹೇಳಲಾರಳು.

"ಕ್ಷಮಿಸಿ ಅಪ್ಪಾ. ನಾನು ಏನೂ ಹೇಳಲ್ಲ."

ಆಗ ಸುದರ್ಶನನ ತಲೆಯೊಳಗೆ ಬಲ್ಬು ಹತ್ತಿತು. *ದಾರಿಯಲ್ಲಿ ಸಿಕ್ಕಿದ್ರೂ ಪರಿಚಯ ಇದೆ ಅಂತ ತೋರಿಸ್ಕೊಳ್ಳಲ್ಲ...* ಅಯ್ಯೋ ಮಂಕೇ! ಇವಳಿಗೆ ನಾಚಿಕೆಯಲ್ಲ. ನನಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಅಪ್ಪನ ಕೈಲಿ ಬೈಸಿಕೊಳ್ಳುತ್ತಿದ್ದಾಳೆ!

ಅವನು ಸಕ್ಕರೆ ಡಬ್ಬದ ಕಡೆ ತಿರುಗಿದ.

"ಅಮ್ಮಾ, ನಾನು ಬಿದ್ದೆ. ಅವತ್ತು ನಿಂಗೆ ವಿಡಿಯೋದಲ್ಲಿ ಮಂಜುಗಡ್ಡೆ ಮೇಲೆ ನಡೆದು ತೋರಿಸ್ತಾ ಇದ್ನಲ್ಲ, ಆಗ. ಬ್ಯಾಟರಿ ಹೋಯ್ತು ಅಂದಿದ್ದು ಸುಳ್ಳು. ಬೆನ್ನುಮೂಳೆ ತುದಿ ಬಿರುಕು ಬಿಟ್ಟಿದೆ. ಅದಕ್ಕೇ ಕೂರೋಕೆ ಆಗ್ತಿಲ್ಲ. ದಯವಿಟ್ಟು ಟಿಕೆಟ್ ಮಾತ್ರ ಹಾಕ್ಬೇಡ."

ಎಲ್ಲರೂ ಸ್ಕ್ರೀನ್ ನೋಡಿದರು. ಲೀಲಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಂಗೊತ್ತು ಕಣೋ."

"ಗೊತ್ತಾ?!"

"ಫೋನ್ ಎಲ್ಲಿ ಆಫ್ ಆಗಿತ್ತು? ನೀನು ಬಿದ್ದೆ, ಫೋನೂ ಬಿತ್ತು. ಬರೀ ಆಕಾಶ ಕಾಣ್ತಿತ್ತು, 'ಅಯ್ಯಮ್ಮಾ' ಅಂತ ನೀನು ಕಿರುಚೋದು ಕೇಳ್ತಿತ್ತು. ನೀನಾಗೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

"ಮತ್ತೆ ಈಗ ಕೂತ್ಕೋ ಕೂತ್ಕೋ ಅಂತ ಪ್ರಾಣ ತಿಂದೆಯಲ್ಲಮ್ಮಾ!"

"ಕೂತ್ಕೋ ಅಂದ್ರಾದ್ರೂ ಬಾಯಿ ಬಿಡ್ತೀಯೇನೋ ಅಂತ!"

ಪದ್ಮಿನಿ ಮೊದಲು ನಕ್ಕರು. ಆಮೇಲೆ ಎಲ್ಲರೂ. ದತ್ತಾತ್ರೇಯ ಮಾತ್ರ ಇನ್ನೂ ಬಿಗಿಯಾಗಿ ನಿಂತಿದ್ದರು.

"ಸರಿ. ಇವಳಿಗೆ ಹೇಗೆ ಗೊತ್ತಾಯ್ತು?"

"ಎಕ್ಸ್-ರೇ ತೆಗೆದಿದ್ದು ಇವರೇ ಸಾರ್. ಯಾರಿಗೂ ಹೇಳ್ಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ. ನಿಮ್ಮ ಮುಂದೆನೂ ಹೇಳ್ಲಿಲ್ಲ ನೋಡಿ. ಇಂಥವರನ್ನ ನಾನು ನೋಡೇ ಇಲ್ಲ."

ಅಪ್ಪನ ಮುಖದ ಬಿಗಿ ಕರಗಿತು. ಮಗಳ ತಲೆ ಸವರಿದರು. "ಇಷ್ಟು ಗಟ್ಟಿ ಅಂತ ಗೊತ್ತಿರ್ಲಿಲ್ಲ ಪುಟ್ಟಿ."

ಪ್ರಫುಲ್ಲಾ ಆಂಟಿ ದೊಪ್ಪನೆ ಸೋಫಾದಲ್ಲಿ ಕುಸಿದರು. "ಅಂದ್ರೆ ಗಂಡು ನೋಡೋ ಶಾಸ್ತ್ರ ಮೊದಲೇ ಆಗೋಗಿದೆ! ಅದೂ ಮೂಳೆ ಸಮೇತ! ಇನ್ನೇನು ಬಾಕಿ ಇದೆ? ಹೋಗ್ರಪ್ಪ, ಬಾಲ್ಕನಿಯಲ್ಲಿ ನಿಂತು ಮಾತಾಡ್ಕೊಳಿ!"

ಬಾಲ್ಕನಿಯಲ್ಲಿ ಚಳಿ ಕೊರೆಯುತ್ತಿತ್ತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

"ಉಡಿದಾರ ತಗೊಳ್ಳೋಕೆ ಯಾಕೆ ಬರ್ಲಿಲ್ಲ?" ಅವನಿ ಕೇಳಿದಳು. "ದಿನಾ ನೋಡ್ತಿದ್ದೆ."

"ಬಂದಿದ್ದೆ ರೀ! ಅದಕ್ಕೆ ಸ್ವೀಡಿಷ್‌ನಲ್ಲಿ ಏನಂತಾರೆ ಗೊತ್ತಾಗ್ಲಿಲ್ಲ. ಸೊಂಟದ ಸುತ್ತ ಕೈ ತಿರುಗಿಸಿ ತೋರಿಸ್ದೆ. ಯಾರದ್ದೋ ಬೆಲ್ಟ್ ಕೊಟ್ಟು ಕಳಿಸಿದ್ರು. ಮನೆಗೆ ಬಂದು ನೋಡಿದ್ರೆ ಲೇಡೀಸ್ ಬೆಲ್ಟು!"

ಅವನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಗಾದ್ರೆ ಇಷ್ಟು ದಿನ ಸೊಂಟ ಬರಿದಾ?"

"ಇಲ್ಲಪ್ಪ." ಅವನ ದನಿ ಮೆತ್ತಗಾಯಿತು. "ನೀವು ಹೊಸೆದುಕೊಟ್ಟ ದಾರ ಇದೆಯಲ್ಲ. ಹೊಸದು ಕಟ್ಟದೆ ಹಳೇದು ಬಿಚ್ಬಾರದು ಅಂದ್ರಲ್ಲ... ಬಿಚ್ಚೋಕೆ ಮನಸ್ಸೂ ಬರ್ಲಿಲ್ಲ."

ಅವಳ ನಗು ಅಲ್ಲೇ ನಿಂತಿತು. ಕೆನ್ನೆ ಬಿಸಿಯಾಯಿತು.

"ಬಾಗಿಲಲ್ಲಿ ನೀವು ಗೊತ್ತೇ ಇಲ್ಲದವರ ಹಾಗೆ ನೋಡಿದಾಗ, ಬಿದ್ದಾಗ ಆದದ್ದಕ್ಕಿಂತ ಹೆಚ್ಚು ನೋವಾಯ್ತು ಅವನಿ."

"ನಂಗೂ..." ಅಷ್ಟೇ ಅಂದಳು. ಅಷ್ಟೇ ಸಾಕಾಯಿತು. ಅವನ ತಣ್ಣನೆಯ ಬೆರಳುಗಳು ಅವಳ ಬೆರಳು ಹುಡುಕಿಕೊಂಡವು. ಅವಳು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅವನು ಕೆಮ್ಮಿ, ತುಂಬ ಗಂಭೀರವಾಗಿ ಕೇಳಿದ, "ಒಂದು ಮೆಡಿಕಲ್ ಡೌಟು. ಹಸೆಮಣೆ ಮೇಲೆ ಗಂಟೆಗಟ್ಟಲೆ ಕೂರ್ಬೇಕಲ್ಲ... ನಾನು ಯಾವಾಗ ಕೂರಬಹುದು?"

"ನಾವು ರಿಸಲ್ಟ್ ಹೇಳೋ ಹಾಗಿಲ್ಲ. ಡಾಕ್ಟರ್ ಹೇಳ್ತಾರೆ."

"ಅವನೀ...!"

ಅವಳು ಅವನ ಕಡೆ ನೋಡದೆ, ಎದುರಿನ ಹಿಮ ಮುಸುಕಿದ ಮರಗಳನ್ನು ನೋಡುತ್ತಾ ಮೆಲ್ಲಗೆ ಹೇಳಿದಳು.

"ಬೇಸಿಗೆ ಹೊತ್ತಿಗೆ ಕೂರಬಹುದು. ಪಕ್ಕದಲ್ಲಿ ನಾನಿರ್ತೀನಿ. ದಿಂಬು ತರ್ತೀನಿ."